ಮಕ್ಕಳ ಕಾದಂಬರಿ ಬಿಡುವಿನ ಕೆಲಸವೇ?

ವಿದ್ಯಾವಂತರ ಮನೆಗಳಲ್ಲಿಯೂ ಸಾಹಿತ್ಯಗೋಷ್ಠಿಗಳಲ್ಲಿಯೂ ಬಹುಕಾಲದಿಂದ ಬೇರೂರಿ ನಿಂತಿರುವ ಒಂದು ಅಭಿಪ್ರಾಯವುಂಟು. ದೊಡ್ಡವರಿಗಾಗಿ ಬರೆದುದು ಸಾಹಿತ್ಯ, ಮಕ್ಕಳಿಗಾಗಿ ಬರೆದುದು ಉಪಕಾರ ಎಂಬುದೇ ಆ ಅಭಿಪ್ರಾಯ. ಮೊದಲನೆಯದಕ್ಕೆ ಪ್ರತಿಭೆ ಬೇಕು, ವ್ಯುತ್ಪತ್ತಿ ಬೇಕು, ವರ್ಷಗಟ್ಟಲೆಯ ಅಭ್ಯಾಸ ಬೇಕು. ಎರಡನೆಯದಕ್ಕೆ ಒಳ್ಳೆಯ ಮನಸ್ಸೂ ಒಂದು ಭಾನುವಾರದ ಮಧ್ಯಾಹ್ನವೂ ಇದ್ದರೆ ಸಾಕು. ಮಕ್ಕಳಿಗಾಗಿ ಒಂದು ಕಾದಂಬರಿಯನ್ನು ಬರೆದು ಮುಗಿಸಿದ ಲೇಖಕನನ್ನು ಸ್ನೇಹಿತರು ಅಭಿನಂದಿಸುವ ಬಗೆಯೇ ಬೇರೆ. "ಒಳ್ಳೆಯದಾಯಿತು, ಇನ್ನು ದೊಡ್ಡದೇನನ್ನಾದರೂ ಬರೆಯಿರಿ" ಎಂದು ಬೆನ್ನು ತಟ್ಟುತ್ತಾರೆ. ಮಗುವಿಗೆ ಉಣಿಸುವ ಅನ್ನವನ್ನು ದೊಡ್ಡವರ ಅನ್ನಕ್ಕಿಂತ ಹೆಚ್ಚು ಹೊತ್ತು ಬೇಯಿಸಬೇಕೆಂಬುದು ಯಾವ ಮನೆಯ ಹೆಂಗಸಿಗೂ ತಿಳಿಯದ ವಿಷಯವಲ್ಲ. ಪುಸ್ತಕದ ವಿಷಯದಲ್ಲಿ ಮಾತ್ರ ಅರೆಬೆಂದುದೇ ಮಕ್ಕಳಿಗೆ ಸಾಕೆಂದು ವಿದ್ವಾಂಸರು ತೀರ್ಮಾನಿಸಿದ್ದಾರೆ.

ಈ ಅಭಿಪ್ರಾಯಕ್ಕೆ ಅವಳಿಯಾದ ಇನ್ನೊಂದು ಅಭಿಪ್ರಾಯವೂ ಇದೆ. ಮಕ್ಕಳ ಪುಸ್ತಕದಲ್ಲಿ ನೀತಿ ಇರಲೇಬೇಕು. ಕಥೆಯ ಕೊನೆಗೆ ತುಂಟ ಹುಡುಗನು ಪಶ್ಚಾತ್ತಾಪದಿಂದ ತಂದೆಯ ಕಾಲಿಗೆ ಬೀಳಬೇಕು. ಹೇಳದೆ ಕೇಳದೆ ಮಾವಿನ ತೋಪಿಗೆ ಹೋದವಳಿಗೆ ಜ್ವರ ಬರಬೇಕು. ಮೇಲುನೋಟಕ್ಕೆ ಮೊದಲನೆಯದು ಅನಾದರ, ಎರಡನೆಯದು ಅತ್ಯಾದರ. ಪರ್ಯಾಲೋಚಿಸಿ ನೋಡಿದರೆ ಎರಡರ ಬೇರೂ ಒಂದೇ. ಮಗುವು ಇನ್ನೂ ಪೂರ್ಣ ಮನುಷ್ಯನಲ್ಲ. ಅದಕ್ಕೆ ಬೇಕಾಗಿರುವುದು ತಿದ್ದುಪಡಿಯೇ ಹೊರತು ಸಾಹಿತ್ಯವಲ್ಲ. ತಿದ್ದುವ ಕೆಲಸಕ್ಕೆ ಕಲೆಗಾರನೇತಕ್ಕೆ, ಒಬ್ಬ ಸಜ್ಜನನಿದ್ದರಾಯಿತು. ಹೀಗೆ ಅನಾದರವು ನೀತಿಯ ಹೊದಿಕೆಯನ್ನು ಹೊದ್ದು ಗೌರವಸ್ಥನಂತೆ ಸಭೆಗೆ ಬರುತ್ತದೆ.

ಸಭೆಗೆ ಮಾತ್ರವಲ್ಲ, ಸಂಸ್ಥೆಗಳ ಲೆಕ್ಕದ ಪುಸ್ತಕಕ್ಕೂ ಬರುತ್ತದೆ. ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಿಂದ ಕನ್ನಡವೂ ಸೇರಿದಂತೆ ದೇಶಭಾಷೆಗಳ ಮಕ್ಕಳ ಸಾಹಿತ್ಯಕ್ಕೆ ಪ್ರತ್ಯೇಕ ಪುರಸ್ಕಾರವನ್ನು ಕೊಡುತ್ತ ಬಂದಿದೆ. ಅದು ಸ್ತುತ್ಯವಾದ ಕಾರ್ಯ. ಆದರೆ ಅಕಾಡೆಮಿಯ ಮುಖ್ಯ ಪ್ರಶಸ್ತಿಯ ಮೊತ್ತ 1,00,000 ರೂಪಾಯಿ, ಮಕ್ಕಳ ಪುಸ್ತಕದ ಪುರಸ್ಕಾರದ ಮೊತ್ತ 50,000. ಅರ್ಧ ವಯಸ್ಸಿನವರಿಗೆ ಬರೆದುದಕ್ಕೆ ಅರ್ಧ ಕೂಲಿ ಎಂಬ ನ್ಯಾಯವು ರೈಲಿನ ಟಿಕೇಟಿನಿಂದ ಬಂದುದೋ ಏನೋ.

ಒಂದು ಅಭಿಪ್ರಾಯವು ಸರಿಯೋ ತಪ್ಪೋ ಎಂದು ತಿಳಿಯಬೇಕಾದರೆ ಅದನ್ನು ಒಂದು ನಿಜವಾದ ಬಾಳಿನ ಮೇಲೆ ಉಜ್ಜಿ ನೋಡುವುದು ಉತ್ತಮ. ಮಕ್ಕಳಿಗೂ ಎಳೆಯ ಹರೆಯದವರಿಗೂ ಕಾದಂಬರಿಗಳನ್ನು ಬರೆದು ಬಾಳಿದವರಲ್ಲಿ, ಯಾರ ಬರವಣಿಗೆಯ ದಿನಚರಿಯು ವಿವರವಾಗಿ ಉಳಿದು ಬಂದಿದೆಯೋ ಅಂಥವರನ್ನು ಆರಿಸಿಕೊಳ್ಳಬೇಕು. ಸ್ವೀಡನ್ ದೇಶದ ಆಸ್ಟ್ರಿಡ್ ಲಿಂಡ್‌ಗ್ರೆನ್ ಅಂಥವಳು. 1907ರಲ್ಲಿ ವಿಮ್ಮರ್ಬಿ ಎಂಬ ಸಣ್ಣ ಊರಿನ ಬಳಿ ಗೇಣಿ ರೈತನೊಬ್ಬನ ಮಗಳಾಗಿ ಹುಟ್ಟಿ, 2002ರ ಜನವರಿಯಲ್ಲಿ ಸ್ಟಾಕ್‌ಹೋಮ್ ನಗರದ ತನ್ನ ಹಳೆಯ ಮನೆಯಲ್ಲಿಯೇ ತೀರಿಕೊಂಡಳು. ಆಕೆಯ ಪುಸ್ತಕಗಳು ನೂರಕ್ಕೂ ಹೆಚ್ಚು ಭಾಷೆಗಳಿಗೆ ಹೋಗಿವೆ. ಆಕೆ ಬಿಟ್ಟುಹೋದ ಕಾಗದಪತ್ರಗಳು ಸ್ವೀಡನ್ನಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. 2005ರಲ್ಲಿ ಯುನೆಸ್ಕೋ ಅವುಗಳನ್ನು ಲೋಕದ ಸ್ಮೃತಿಸಂಪತ್ತಿನ ಪಟ್ಟಿಗೆ ಸೇರಿಸಿತು.

ಈಕೆಯ ಬಾಲ್ಯವು ಸುಖವಾಗಿತ್ತು, ಯೌವನವು ಹಾಗಿರಲಿಲ್ಲ. ಊರಿನ ಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ, ಮದುವೆಯಾಗದೆಯೇ, ಹದಿನೆಂಟರ ಪ್ರಾಯದಲ್ಲಿ ಗರ್ಭಿಣಿಯಾದಳು. ಆ ಕಾಲದ ಸಣ್ಣ ಊರಿನಲ್ಲಿ ಅದರ ಅರ್ಥವೇನೆಂಬುದನ್ನು ಕನ್ನಡ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಂದೆಯ ಹೆಸರನ್ನು ಕೇಳದ ಆಸ್ಪತ್ರೆಯನ್ನು ಹುಡುಕಿಕೊಂಡು ಡೆನ್ಮಾರ್ಕಿನ ಕೋಪನ್‌ಹೇಗನ್ನಿಗೆ ಹೋಗಿ, 1926ರ ಡಿಸೆಂಬರಿನಲ್ಲಿ ಗಂಡುಮಗುವನ್ನು ಹೆತ್ತಳು; ಆ ಮಗುವನ್ನು ಅಲ್ಲಿಯೇ ಒಬ್ಬ ಸಾಕುತಾಯಿಯ ವಶಕ್ಕೆ ಕೊಟ್ಟು ಸ್ಟಾಕ್‌ಹೋಮಿಗೆ ಹಿಂದಿರುಗಿದಳು. ಶೀಘ್ರಲಿಪಿಯನ್ನೂ ಬೆರಳಚ್ಚನ್ನೂ ಕಲಿತು ಗುಮಾಸ್ತೆಯ ಕೆಲಸಕ್ಕೆ ಸೇರಿ, ಹಣ ಕೂಡಿದಾಗಲೆಲ್ಲ ರೈಲು ಹತ್ತಿ ಮಗನನ್ನು ನೋಡಿಬರುತ್ತಿದ್ದಳು. ಮೂರು ವರ್ಷಗಳು ಹೀಗೆ ಕಳೆದುವು. ಸಾಕುತಾಯಿಗೆ ಕಾಯಿಲೆಯಾದ ಮೇಲೆ 1930ರಲ್ಲಿ ಮಗುವನ್ನು ಕರೆತಂದಳು. 1931ರಲ್ಲಿ ಮದುವೆಯಾಯಿತು, 1934ರಲ್ಲಿ ಮಗಳು ಹುಟ್ಟಿದಳು.

ಈ ವೃತ್ತಾಂತವು ಇಲ್ಲಿ ಬೇಕೇ ಎಂದು ಕೇಳುವವರಿಗೆ ಆಕೆಯ ಪುಸ್ತಕಗಳೇ ಉತ್ತರ ಕೊಡುತ್ತವೆ. 1954ರ 'ಮಿಯೋ' ಕಾದಂಬರಿಯಲ್ಲಿ, ತನ್ನನ್ನು ಬೇಡವೆನ್ನುವ ಸಾಕುಮನೆಯಿಂದ ಹೊರಬಿದ್ದ ಹುಡುಗನೊಬ್ಬನು ಕತ್ತಲಾದ ಉದ್ಯಾನದ ಬೆಂಚಿನ ಮೇಲೆ ಒಂಟಿಯಾಗಿ ಕುಳಿತಿದ್ದಾನೆ. 1956ರ 'ರಾಸ್ಮುಸ್' ಕಾದಂಬರಿಯಲ್ಲಿ ಅನಾಥಾಲಯದ ಬಾಲಕನು ತನ್ನನ್ನು ಬೇಕೆನ್ನುವ ಮನೆಯನ್ನು ಹುಡುಕುತ್ತ ಅಲೆಮಾರಿಯೊಬ್ಬನ ಜೊತೆ ಊರೂರು ತಿರುಗುತ್ತಾನೆ. ಮಗುವಿನ ಒಂಟಿತನವೆಂಬುದನ್ನು ಈಕೆ ಯಾವ ಮನಶ್ಶಾಸ್ತ್ರದ ಪುಸ್ತಕದಿಂದಲೂ ಎರವಲು ತರಲಿಲ್ಲ. ಕಾಳಿದಾಸನ ದುಷ್ಯಂತನು ಮಗನ ಕೈಯನ್ನು ಮುಟ್ಟಿ ಕರಗುವುದು ಸಾಹಿತ್ಯವಾದರೆ, ಉದ್ಯಾನದ ಬೆಂಚಿನ ಆ ಹುಡುಗನು ತಂದೆಯನ್ನು ಕಾಣುವುದು ಏತಕ್ಕೆ ಸಾಹಿತ್ಯವಲ್ಲ? ಓದುವವನ ವಯಸ್ಸು ಒಂಬತ್ತೆಂಬ ಕಾರಣಕ್ಕೇ?

ಇನ್ನು ಬಿಡುವಿನ ಮಾತು. 1941ರ ಚಳಿಗಾಲದಲ್ಲಿ ಮಗಳು ಶ್ವಾಸಕೋಶದ ಜ್ವರದಿಂದ ಮಲಗಿದ್ದಾಗ, ತಾನೇ ಕಲ್ಪಿಸಿದ ಒಂದು ವಿಚಿತ್ರ ಹೆಸರನ್ನು ಹೇಳಿ ಅದರ ಕಥೆಯನ್ನು ಹೇಳೆಂದು ತಾಯಿಯನ್ನು ಪೀಡಿಸಿದಳು. ಹೆಸರೇ ವಿಚಿತ್ರವಾದುದರಿಂದ ಹುಡುಗಿಯೂ ವಿಚಿತ್ರವಾದಳು: ಪಿಪ್ಪಿ ಎಂಬ ಒಂಬತ್ತು ವರ್ಷದವಳು, ತಾಯಿಯಿಲ್ಲದೆ ತಂದೆಯಿಲ್ಲದೆ ಮನೆಯಲ್ಲಿ ಒಂಟಿಯಾಗಿರುವವಳು, ಕುದುರೆಯನ್ನು ಎರಡು ಕೈಗಳಿಂದ ಎತ್ತಬಲ್ಲವಳು. 1944ರ ಮಾರ್ಚಿಯಲ್ಲಿ ಹಿಮದಲ್ಲಿ ಜಾರಿ ಬಿದ್ದು ಕಾಲು ಉಳುಕಿ ಹಾಸಿಗೆ ಹಿಡಿದಾಗ ತಾಯಿಯು ಆ ಕಥೆಗಳನ್ನು ಶೀಘ್ರಲಿಪಿಯಲ್ಲಿ ಬರೆದಿಟ್ಟಳು. ಮೇ ತಿಂಗಳಿನಲ್ಲಿ ಮಗಳ ಹತ್ತನೆಯ ಹುಟ್ಟುಹಬ್ಬಕ್ಕೆ ಅದೇ ಉಡುಗೊರೆಯಾಯಿತು. ಇಷ್ಟನ್ನು ಕೇಳಿದೊಡನೆ ಎದುರುಪಕ್ಷದವರು ಹಿಗ್ಗುವರು. ನೋಡಿರಿ, ಬಿಡುವಿನಲ್ಲಿ ಹುಟ್ಟಿದ್ದು, ಮಗುವನ್ನು ಸಂತೈಸಲು ಹೇಳಿದ್ದು, ಕಾಲು ಉಳುಕದಿದ್ದರೆ ಬರೆಯುತ್ತಲೇ ಇರಲಿಲ್ಲ ಎನ್ನುವರು.

ಆದರೆ ಕಥೆಯು ಇಲ್ಲಿಗೆ ನಿಲ್ಲುವುದಿಲ್ಲ. ಹಸ್ತಪ್ರತಿಯನ್ನು ಆಕೆ ದೊಡ್ಡ ಪ್ರಕಾಶನ ಸಂಸ್ಥೆಯೊಂದಕ್ಕೆ ಕಳುಹಿಸಿದಳು. ತನ್ನ ಮೇಲೆ ಶಿಶುಸಂರಕ್ಷಣ ಮಂಡಳಿಗೆ ದೂರು ಕೊಡಬೇಡಿರೆಂದು ವಿನೋದವಾಗಿ ಬೇಡಿಕೊಂಡಳು. ಅದು ತಿರಸ್ಕೃತವಾಗಿ ಹಿಂದಿರುಗಿತು. ಅದೇ ವರ್ಷ ಹರೆಯದ ಹುಡುಗಿಯರಿಗಾಗಿ ಬರೆದ ಬೇರೊಂದು ಕಾದಂಬರಿಗೆ ರಾಬೇನ್ ಮತ್ತು ಶೋಗ್ರೆನ್ ಪ್ರಕಾಶಕರ ಸ್ಪರ್ಧೆಯಲ್ಲಿ ಎರಡನೆಯ ಬಹುಮಾನ ಬಂದಿತು. ಹಿಂದಿರುಗಿದ ಪಿಪ್ಪಿಯನ್ನು ಆಕೆ ಪೆಟ್ಟಿಗೆಯಲ್ಲಿ ಹಾಕಿಡಲಿಲ್ಲ. ಅದನ್ನು ತಿದ್ದಿದಳು; ಮಗಳಿಗೆ ಉಡುಗೊರೆಯಾಗಿ ಸಾಕಾಗಿದ್ದುದು ಲೋಕದ ಮಕ್ಕಳಿಗೆ ಸಾಲದೆಂದು ತಿಳಿದು ಪುನಃ ಬರೆದಳು. ಹೀಗೆ ಬರೆದುದಕ್ಕೆ 1945ರ ಸ್ಪರ್ಧೆಯಲ್ಲಿ ಮೊದಲನೆಯ ಬಹುಮಾನ ದೊರೆಯಿತು. ಹಾಸಿಗೆಯ ಪಕ್ಕದಲ್ಲಿ ಹೇಳಿದ ಕಥೆಗೂ ಅಚ್ಚಾದ ಪುಸ್ತಕಕ್ಕೂ ನಡುವೆ ನಾಲ್ಕು ವರ್ಷಗಳೂ ಒಂದು ತಿರಸ್ಕಾರವೂ ಒಂದು ಪುನರ್ಲೇಖನವೂ ಇವೆ. ಆ ನಡುವಿನ ಭಾಗವನ್ನೇ ಬಿಡುವಿನ ವಾದಿಗಳು ನೋಡುವುದಿಲ್ಲ.

ಆ ವರ್ಷಗಳು ಯುದ್ಧದ ವರ್ಷಗಳೆಂಬುದನ್ನೂ ನೆನಪಿಡಬೇಕು. 1940ರಿಂದ ಆಕೆ ಸರಕಾರದ ಗುಪ್ತ ಪತ್ರಪರಿಶೋಧನೆಯ ಕಚೇರಿಯಲ್ಲಿ ಅನ್ಯರ ಕಾಗದಗಳನ್ನು ಒಡೆದು ಓದುತ್ತಿದ್ದಳು. 1939ರಿಂದ 1945ರವರೆಗೆ ಯುದ್ಧದ ವಿವರವಾದ ದಿನಚರಿಯನ್ನು ಬರೆದಿಟ್ಟಳು. ಆ ದಿನಚರಿಯು 2015ರಲ್ಲಿ ಅಚ್ಚಾಯಿತು. ಜಗತ್ತಿನ ಬಲಶಾಲಿಗಳೆಲ್ಲ ತಮ್ಮ ಬಲವನ್ನು ಹೇಗೆ ಬಳಸುತ್ತಿದ್ದರೆಂದು ದಿನದಿನವೂ ಬರೆಯುತ್ತಿದ್ದ ಕೈಯೇ, ಎಲ್ಲರಿಗಿಂತ ಬಲಶಾಲಿಯಾಗಿದ್ದೂ ಯಾರನ್ನೂ ಪೀಡಿಸದ ಒಬ್ಬ ಹುಡುಗಿಯನ್ನು ನಿರ್ಮಿಸಿತು. ಇದನ್ನು ಮಕ್ಕಳಾಟವೆಂದು ತಳ್ಳಿಹಾಕುವವರು ದೊಡ್ಡವರ ಎಷ್ಟು ಕಾದಂಬರಿಗಳಲ್ಲಿ ಇಷ್ಟು ಗಂಭೀರವಾದ ವಸ್ತುವನ್ನು ಕಂಡಿದ್ದಾರೆ?

1946ರಿಂದ 1970ರವರೆಗೆ ಆಕೆ ಅದೇ ಪ್ರಕಾಶನ ಸಂಸ್ಥೆಯಲ್ಲಿ ಮಕ್ಕಳ ಪುಸ್ತಕಗಳ ಸಂಪಾದಕಿಯಾಗಿದ್ದಳು. ದಿನದ ಕ್ರಮವು ಹೀಗಿತ್ತು: ಬೆಳಗ್ಗೆ ಎದ್ದು ಹಾಸಿಗೆಯಲ್ಲಿಯೇ ಕುಳಿತು ಶೀಘ್ರಲಿಪಿಯಲ್ಲಿ ಕಾದಂಬರಿಯನ್ನು ಬರೆಯುವುದು, ಮಧ್ಯಾಹ್ನ ಕಚೇರಿಗೆ ಹೋಗಿ ಇತರರ ಹಸ್ತಪ್ರತಿಗಳನ್ನು ಓದುವುದು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಹೊಟ್ಟೆಪಾಡಿನ ಕೆಲಸದಲ್ಲಿ ಮಿಕ್ಕ ಹೊತ್ತನ್ನು ಮಕ್ಕಳ ಪುಸ್ತಕಕ್ಕೆ ಕೊಟ್ಟದ್ದಲ್ಲ. ಮಕ್ಕಳ ಪುಸ್ತಕದಲ್ಲಿ ಮಿಕ್ಕ ಹೊತ್ತನ್ನು ಹೊಟ್ಟೆಪಾಡಿಗೆ ಕೊಟ್ಟದ್ದು. ದಿನದ ತಿಳಿಯಾದ ಗಂಟೆಗಳು ಮೊದಲು ಮಗುವಿಗೆ ಸಲ್ಲುತ್ತಿದ್ದುವು. ಶೀಘ್ರಲಿಪಿಯ ಆ ಪುಸ್ತಕಗಳು ಆರುನೂರಕ್ಕೂ ಮೇಲ್ಪಟ್ಟು ಉಳಿದಿವೆ. ಬಹುಕಾಲ ಅವುಗಳನ್ನು ಓದಬಲ್ಲವರಿಲ್ಲವೆಂದೇ ತಿಳಿಯಲಾಗಿತ್ತು. 2020ರಲ್ಲಿ ಅವುಗಳನ್ನು ಬಿಡಿಸುವ ಸಂಶೋಧನೆಯು ಆರಂಭವಾಯಿತು. ಒಂದೇ ಭಾಗವನ್ನು ಹಲವು ಸಲ ತಿದ್ದಿ ತಿದ್ದಿ ಬರೆದಿರುವುದು ಅವುಗಳಲ್ಲಿ ಕಾಣುತ್ತದೆ. ಮಗುವು ಒಂದೇ ಉಸಿರಿಗೆ ಓದಿ ಮುಗಿಸುವ ಸರಳವಾಕ್ಯದ ಹಿಂದೆ ಹೊಡೆದುಹಾಕಿದ ವಾಕ್ಯಗಳ ರಾಶಿಯಿರುತ್ತದೆ. ಪ್ರೌಢಶೈಲಿಯಲ್ಲಿ ಬರೆಯುವವನಿಗೆ ಒಂದು ಸೌಕರ್ಯವುಂಟು: ಭಾವವು ತೆಳುವಾದೆಡೆಯಲ್ಲಿ ಸಮಾಸವನ್ನು ಹೊದಿಸಿ ಮಾನ ಕಾಪಾಡಿಕೊಳ್ಳಬಹುದು. ಮಗುವಿನ ಮುಂದೆ ಆ ಹೊದಿಕೆಯು ನಡೆಯದು. ಬೇಸರವಾದರೆ ಅದು ಪುಸ್ತಕವನ್ನು ಮುಚ್ಚಿಟ್ಟು ಹೊರಟುಹೋಗುತ್ತದೆ. ವಿಮರ್ಶಕನಂತೆ ದಾಕ್ಷಿಣ್ಯಕ್ಕಾಗಿ ಕೊನೆಯವರೆಗೆ ಕುಳಿತಿರುವುದಿಲ್ಲ.

ಇನ್ನು ನೀತಿವಾದಿಗಳ ಕಡೆಗೆ ತಿರುಗಬೇಕು. 1946ರ ಆಗಸ್ಟಿನಲ್ಲಿ ಶಿಕ್ಷಣಶಾಸ್ತ್ರದ ಪ್ರಾಧ್ಯಾಪಕನೂ ಪ್ರಸಿದ್ಧ ವಿಮರ್ಶಕನೂ ಆದ ಯೋನ್ ಲಾಂಡ್‌ಕ್ವಿಸ್ಟ್ ಎಂಬವನು, ಕೆಟ್ಟದಾಗಿದ್ದೂ ಬಹುಮಾನ ಪಡೆದ ಪುಸ್ತಕವೆಂಬ ಅರ್ಥದ ಶಿರೋನಾಮೆಯಿಟ್ಟು ಪಿಪ್ಪಿಯ ಮೇಲೆ ಪತ್ರಿಕೆಯಲ್ಲಿ ಬಿದ್ದನು. ಆತನ ಮುಖ್ಯವಾದ ಆಕ್ಷೇಪಣೆಗಳಲ್ಲೊಂದು ಇದು: ಕಾಫಿಯ ಕೂಟದಲ್ಲಿ ಇಡೀ ಕ್ರೀಮ್ ಕೇಕನ್ನು ತಾನೊಬ್ಬಳೇ ತಿಂದುಹಾಕುವ, ನೆಲದ ಮೇಲೆ ಸಕ್ಕರೆಯನ್ನು ಚೆಲ್ಲಿ ಬರಿಗಾಲಿನಲ್ಲಿ ಅದರ ಮೇಲೆ ನಡೆಯುವ ಹುಡುಗಿಯು ಸ್ವಸ್ಥಬುದ್ಧಿಯವಳಲ್ಲ. ಪುಸ್ತಕವನ್ನು ಓದಿದ ಮಕ್ಕಳಿಗೆ ಆ ಕೇಕಿನ ರುಚಿ ತಿಳಿದಿತ್ತು. ಪ್ರಾಧ್ಯಾಪಕನಿಗೆ ಕೇಕು ಹೋದ ಲೆಕ್ಕ ಮಾತ್ರ ಕಂಡಿತು. ಹನುಮಂತನು ಹಣ್ಣೆಂದು ಸೂರ್ಯನಿಗೆ ಹಾರಿದ ಕಥೆಯನ್ನು ಕೇಳಿ ಬೆಳೆದ ನಾಡಿನವರು ಈ ಆಕ್ಷೇಪಣೆಗೆ ನಗಬಹುದು. ಆದರೆ ನಗುವ ಮೊದಲು ತಮ್ಮ ಮನೆಯ ಪುಸ್ತಕದ ಕಪಾಟನ್ನೂ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ತುಂಟನ ಕಥೆಯನ್ನು ದೇವರ ಹೆಸರಿನಲ್ಲಿ ಹೇಳಿದರೆ ಬಾಲಲೀಲೆ, ಎದುರುಮನೆಯ ಹುಡುಗನ ಹೆಸರಿನಲ್ಲಿ ಹೇಳಿದರೆ ಕೆಟ್ಟ ಮಾದರಿ ಎಂಬ ನ್ಯಾಯವು ಇಲ್ಲಿಯೂ ನಡೆಯುತ್ತಿದೆ.

ಆಕೆಯ ಪುಸ್ತಕಗಳು ನಿರ್ದುಷ್ಟವೆಂದು ಯಾರೂ ವಾದಿಸಬೇಕಾಗಿಲ್ಲ. ಪಿಪ್ಪಿಯ ತಂದೆಯು ದಕ್ಷಿಣ ಸಮುದ್ರದ ದ್ವೀಪವೊಂದರ ಕರಿಯ ಜನರ ಮೇಲೆ ದೊರೆಯಾದನೆಂದು ಹೇಳುವಲ್ಲಿ ಬಳಸಿದ ಮಾತು ಜನಾಂಗವನ್ನು ಹೀನೈಸತಕ್ಕದ್ದು. 2015ರ ಸ್ವೀಡಿಷ್ ಆವೃತ್ತಿಯಲ್ಲಿ ಪ್ರಕಾಶಕರು ಅದನ್ನು ಬದಲಾಯಿಸಿದರು. ಬದಲಾಯಿಸಿದ್ದು ಯುಕ್ತವೇ. ಆದರೆ 1946ರ ಗದ್ದಲದಲ್ಲಿ ಹೆಸರಾಗಿ ಉಳಿದ ಆಕ್ಷೇಪಣೆ ಯಾವುದು? ಕೇಕಿನದು, ಸಕ್ಕರೆಯದು. ನೀತಿಯ ಕಾವಲುಗಾರರು ಕಾವಲು ಕಾಯುತ್ತಿದ್ದದ್ದು ನಿಜವಾಗಿ ಏನನ್ನೆಂಬುದು ಇದರಿಂದ ಗೊತ್ತಾಗುತ್ತದೆ. ದೂರದ ದ್ವೀಪದವರ ಮಾನವು ಅವರ ಕಣ್ಣಿಗೆ ಬೀಳಲಿಲ್ಲ. ತಮ್ಮ ಕಾಫಿಯ ಕೂಟದ ಮರ್ಯಾದೆ ಬಿತ್ತು. 1951ರ ಫ್ರೆಂಚ್ ಅನುವಾದದಲ್ಲಿ ಪಿಪ್ಪಿ ಎತ್ತುವ ಕುದುರೆಯನ್ನು ಮರಿಗುದುರೆಯನ್ನಾಗಿ ಮಾಡಿದರು. ಹುಡುಗಿಯೊಬ್ಬಳು ಕುದುರೆಯನ್ನೆತ್ತುವುದನ್ನು ಫ್ರಾನ್ಸಿನ ಮಕ್ಕಳು ನಂಬಲಾರರಂತೆ. ಹಾಗಾದರೆ ಮರಿಗುದುರೆಯನ್ನು ಎತ್ತುತ್ತಿರುವ ಫ್ರೆಂಚ್ ಹುಡುಗಿಯೊಬ್ಬಳ ಭಾವಚಿತ್ರವನ್ನು ಕಳುಹಿಸಿರೆಂದು ಗ್ರಂಥಕರ್ತ್ರಿಯು ಕೇಳಿದಳೆಂದು ಪ್ರಸಿದ್ಧಿ.

ಮಕ್ಕಳ ಸಾಹಿತ್ಯದಲ್ಲಿ ನೀತಿಯು ಪ್ರಧಾನವೆನ್ನುವವರು ಕೊನೆಗೆ ಶರಣುಹೋಗುವುದು ಪಂಚತಂತ್ರಕ್ಕೆ. ಮೂವರು ಜಡಮತಿಗಳಾದ ರಾಜಕುಮಾರರಿಗೆ ವಿಷ್ಣುಶರ್ಮನು ಕಥೆಗಳ ಮೂಲಕ ನೀತಿಯನ್ನು ಬೋಧಿಸಲಿಲ್ಲವೇ ಎನ್ನುತ್ತಾರೆ. ಬೋಧಿಸಿದನು, ಯಾವ ನೀತಿಯನ್ನು ಎಂಬುದನ್ನು ಪುಸ್ತಕ ತೆರೆದು ನೋಡಬೇಕು. ಮೊದಲನೆಯ ತಂತ್ರದಲ್ಲಿ ಸಿಂಹಕ್ಕೂ ಎತ್ತಿಗೂ ಬೆಳೆದ ನಿಷ್ಕಪಟವಾದ ಸ್ನೇಹವನ್ನು ದಮನಕನೆಂಬ ನರಿಯು ಚಾಡಿಯಿಂದ ಮುರಿಯುತ್ತದೆ. ನಿರಪರಾಧಿಯಾದ ಸಂಜೀವಕನು ಸಾಯುತ್ತಾನೆ. ದಮನಕನು ಮಂತ್ರಿಯಾಗಿ ಸುಖದಿಂದ ಇರುತ್ತಾನೆ. ಇಂದಿನ ಮಕ್ಕಳ ಪುಸ್ತಕದಲ್ಲಿ ಇಂಥ ಮುಕ್ತಾಯವನ್ನು ಬರೆದವನಿಗೆ ಯಾವ ಆಯ್ಕೆಸಮಿತಿಯು ಮಣೆ ಹಾಕೀತು? ವಿಷ್ಣುಶರ್ಮನು ರಾಜಕುಮಾರರಿಗೆ ಕಲಿಸಿದುದು ಲೋಕವು ಹೇಗಿದೆಯೆಂಬುದನ್ನು. ಒಳ್ಳೆಯ ಹುಡುಗರಾಗಿ ಮೂಲೆಯಲ್ಲಿ ಕುಳಿತಿರುವುದನ್ನಲ್ಲ. ಆತನು ತನ್ನ ಎಳೆಯ ಶ್ರೋತೃಗಳಿಗೆ ಸತ್ಯವನ್ನು ಹೇಳುವಷ್ಟು ಗೌರವವನ್ನು ಕೊಟ್ಟನು. ಪಂಚತಂತ್ರದ ಹೆಸರಿನಲ್ಲಿ ಸತ್ಯವನ್ನು ತೆಗೆದು ಸಕ್ಕರೆಯನ್ನು ತುಂಬುವವರಿಗೆ ಅವನ ಸಾಕ್ಷ್ಯವು ಒದಗದು.

ಮಕ್ಕಳಿಗೆ ಹೇಳಬಾರದ ಸಂಗತಿಗಳಲ್ಲಿ ಮರಣವೇ ಮೊದಲನೆಯದೆಂದು ಮನೆಮನೆಯಲ್ಲಿಯೂ ತಿಳಿದಿದ್ದಾರೆ. ಅಜ್ಜನು ತೀರಿಕೊಂಡರೆ ಮಗುವನ್ನು ಪಕ್ಕದ ಮನೆಗೆ ಕಳುಹಿಸುತ್ತಾರೆ. 1973ರಲ್ಲಿ ಲಿಂಡ್‌ಗ್ರೆನ್ ಸಾವನ್ನೇ ವಸ್ತುವಾಗಿಟ್ಟು 'ಸಿಂಹಹೃದಯದ ಸಹೋದರರು' ಎಂಬ ಅರ್ಥದ ಹೆಸರಿನ ಕಾದಂಬರಿಯನ್ನು ಪ್ರಕಟಿಸಿದಳು. ಕ್ಷಯದಂಥ ಕಾಯಿಲೆಯಿಂದ ಮಲಗಿದ ತಮ್ಮನನ್ನು ಅಣ್ಣನು ಬೆಂಕಿ ಬಿದ್ದ ಮನೆಯಿಂದ ಬೆನ್ನಿನ ಮೇಲೆ ಹೊತ್ತು ಹಾರಿ ತಾನೇ ಸಾಯುತ್ತಾನೆ. ತಮ್ಮನೂ ಕೆಲಕಾಲದಲ್ಲಿ ಅವನನ್ನು ಹಿಂಬಾಲಿಸುತ್ತಾನೆ. ಮರಣದಾಚೆಯ ನಾಡಿನಲ್ಲಿಯೂ ದುಷ್ಟ ಪ್ರಭುವೊಬ್ಬನ ದಬ್ಬಾಳಿಕೆಯಿದೆ, ಅಲ್ಲಿಯೂ ಧೈರ್ಯವು ಬೇಕಾಗುತ್ತದೆ. ವಿಮ್ಮರ್ಬಿಯ ಶ್ಮಶಾನದಲ್ಲಿ 1860ರಲ್ಲಿ ಸತ್ತ ಇಬ್ಬರು ಚಿಕ್ಕ ಸಹೋದರರ ನೆನಪಿಗೆ ನೆಟ್ಟ ಕಬ್ಬಿಣದ ಶಿಲುಬೆಯು ಈ ಕಲ್ಪನೆಗೆ ಒಂದು ಮೂಲ. ಕೊನೆಯಲ್ಲಿ ತಮ್ಮನು ಅಣ್ಣನನ್ನು ಹೊತ್ತು ಮತ್ತೊಮ್ಮೆ ಹಾರುತ್ತಾನೆ. ಇದು ಮಕ್ಕಳಿಗೆ ಆತ್ಮಹತ್ಯೆಯನ್ನು ಬೋಧಿಸುತ್ತದೆಯೆಂದು ದೊಡ್ಡವರು ಕೂಗಿದರು. ಮಕ್ಕಳು ಬೇರೆಯದನ್ನೇ ಕೇಳಿದರು: ಮುಂದೆ ಏನಾಯಿತು, ಅವರಿಬ್ಬರೂ ಜೊತೆಯಲ್ಲಿಯೇ ಇದ್ದರೇ? ದೊಡ್ಡವರು ಸಾವನ್ನು ಓದಿದರು, ಮಕ್ಕಳು ಅಣ್ಣತಮ್ಮಂದಿರನ್ನು ಓದಿದರು. ಭೀಷ್ಮನ ಶರಶಯ್ಯೆಯನ್ನೂ ಅಭಿಮನ್ಯುವಿನ ವಧೆಯನ್ನೂ ತಾಳಮದ್ದಳೆಯಲ್ಲಿ ಕೇಳುತ್ತ ತಾಯಂದಿರ ಮಡಿಲಲ್ಲಿ ನಿದ್ದೆಹೋಗುತ್ತಿದ್ದ ಮಕ್ಕಳ ವಂಶಸ್ಥರಿಗೆ ಮರಣದ ಸುದ್ದಿಯನ್ನು ಬಚ್ಚಿಡುವ ಈ ಕೋಮಲತೆ ಎಂದಿನಿಂದ ಬಂದಿತೋ!

ಮಕ್ಕಳು ಬರೆದ ಕಾಗದಗಳೇ ಆಕೆಯ ಬಾಳಿನ ಒಂದು ದೊಡ್ಡ ಭಾರವಾಗಿದ್ದುವು. ಆಕೆಯ ಸಂಗ್ರಹದಲ್ಲಿ ಸುಮಾರು 75,000 ಪತ್ರಗಳಿವೆಯೆಂದು ಎಣಿಸಿದ್ದಾರೆ. ಕಣ್ಣು ಮಂಜಾದ ಮೇಲೆಯೂ ಇತರರಿಂದ ಓದಿಸಿ ಕೇಳುತ್ತಿದ್ದಳು. ದೊಡ್ಡವರ ಕಾದಂಬರಿಕಾರನಿಗೆ ಓದುಗರು ಮೆಚ್ಚುಗೆಯನ್ನು ಬರೆಯುತ್ತಾರೆ. ಮಕ್ಕಳ ಕಾದಂಬರಿಕಾರನಿಗೆ ಸಂಕಟವನ್ನು ಬರೆಯುತ್ತಾರೆ. ಶಾಲೆಯಲ್ಲಿ ಪೆಟ್ಟು ತಿಂದದ್ದನ್ನು, ಮನೆಯಲ್ಲಿ ಯಾರಿಗೂ ಹೇಳಲಾರದ್ದನ್ನು ಪುಸ್ತಕದ ಮೇಲಿನ ಹೆಸರಿಗೆ ಹೇಳುತ್ತಾರೆ. ಇಂಥ ನಂಬಿಕೆಯನ್ನು ಹೊತ್ತವಳು ಮೂಕಳಾಗಿರಲು ಸಾಧ್ಯವಿಲ್ಲ. 1978ರಲ್ಲಿ ಜರ್ಮನಿಯ ಪುಸ್ತಕ ವ್ಯಾಪಾರಿಗಳ ಶಾಂತಿ ಪಾರಿತೋಷಕವು ಆಕೆಗೆ ಬಂದಾಗ, ಆಕೆಯ ಭಾಷಣವನ್ನು ಮೊದಲೇ ಓದಿದ ವ್ಯವಸ್ಥಾಪಕರು ಬೆದರಿ, ಭಾಷಣವಿಲ್ಲದೆ ಪಾರಿತೋಷಕವನ್ನಷ್ಟೇ ಸ್ವೀಕರಿಸಬೇಕೆಂದು ಸೂಚಿಸಿದರು. ಹಾಗಾದರೆ ತಾನು ಬರುವುದೇ ಇಲ್ಲವೆಂದಳು; ಅವರು ಮಣಿದರು. ಮಕ್ಕಳನ್ನು ಹೊಡೆಯಬಾರದೆಂಬುದೇ ಭಾಷಣದ ಸಾರ. ಅದರಲ್ಲಿ ಆಕೆ ಹೇಳಿದ ಒಂದು ಪ್ರಸಂಗ ಇದು. ತಾಯಿಯೊಬ್ಬಳು ಮಗನಿಗೆ ಹೊಡೆಯಲು ಬೆತ್ತವನ್ನು ಅವನೇ ಹುಡುಕಿ ತರಬೇಕೆಂದು ಕಳುಹಿಸುತ್ತಾಳೆ. ಬಹಳ ಹೊತ್ತಾದ ಮೇಲೆ ಹುಡುಗನು ಅಳುತ್ತ ಬರುತ್ತಾನೆ. ಬೆತ್ತ ಸಿಗಲಿಲ್ಲ, ಈ ಕಲ್ಲಿನಿಂದ ಹೊಡೆಯಬಹುದು ಎಂದು ಒಂದು ಕಲ್ಲನ್ನು ಮುಂದಿಡುತ್ತಾನೆ. ತಾಯಿಯು ಆ ಕಲ್ಲನ್ನು ಅಡಿಗೆಮನೆಯ ಹಲಗೆಯ ಮೇಲೆ ನೆನಪಿಗಾಗಿ ಇಟ್ಟುಕೊಳ್ಳುತ್ತಾಳೆ. ಮರುವರ್ಷ, 1979ರಲ್ಲಿ, ಮನೆಯೊಳಗಿನ ಹೊಡೆತವನ್ನೂ ಸೇರಿಸಿ ಮಕ್ಕಳ ದೈಹಿಕಶಿಕ್ಷೆಯನ್ನು ಲೋಕದಲ್ಲಿಯೇ ಮೊದಲು ನಿಷೇಧಿಸಿದ ದೇಶ ಸ್ವೀಡನ್. ಅದು ಆಕೆಯೊಬ್ಬಳಿಂದಲೇ ಆಯಿತೆನ್ನುವುದು ಉತ್ಪ್ರೇಕ್ಷೆ. ಆದರೆ ನೀತಿಯಿಲ್ಲದ ಪುಸ್ತಕಗಳನ್ನು ಬರೆದಳೆಂದು ಯಾರನ್ನು ದೂಷಿಸಿದರೋ ಆಕೆಯೇ ದೊಡ್ಡವರ ಸಭೆಯಲ್ಲಿ ನಿಂತು ನೀತಿಯನ್ನು ಹೇಳಿದಳು. ಕೇಳಬೇಕಾಗಿದ್ದವರು ಮಕ್ಕಳಲ್ಲವಾದುದರಿಂದ ಮಕ್ಕಳ ಪುಸ್ತಕದಲ್ಲಿ ಹೇಳಲಿಲ್ಲ.

ಎರಡು ವರ್ಷ ಮೊದಲು, 1976ರಲ್ಲಿ, ತನ್ನ ಆದಾಯದ ಮೇಲಿನ ತೆರಿಗೆಯು ನೂರಕ್ಕೆ 102ರಂತೆ ಬೀಳುತ್ತದೆಂದು ಕಂಡು ಆಕೆ ಪತ್ರಿಕೆಯೊಂದರಲ್ಲಿ ವ್ಯಂಗ್ಯವಾದ ಅಡಗೂಲಜ್ಜಿಯ ಕಥೆಯೊಂದನ್ನು ಬರೆದಿದ್ದಳು. ಕಥೆ ಹೇಳಲು ಬರುತ್ತದೆ, ಲೆಕ್ಕ ಬರುವುದಿಲ್ಲವೆಂದು ಅರ್ಥಮಂತ್ರಿಯು ಹಾಸ್ಯಮಾಡಿದನು. ಲೆಕ್ಕವು ಆಕೆಯದೇ ಸರಿಯಾಗಿತ್ತು. ಆ ವರ್ಷದ ಚುನಾವಣೆಯಲ್ಲಿ ನಾಲ್ವತ್ತು ವರ್ಷಗಳಿಗೂ ಮಿಕ್ಕು ಅಧಿಕಾರದಲ್ಲಿದ್ದ ಪಕ್ಷವು ಸೋತುದಕ್ಕೆ ಕಾರಣಗಳು ಹಲವಿದ್ದುವು. ಅಜ್ಜಿಯ ಕಥೆಯೂ ಅವುಗಳಲ್ಲೊಂದೆಂದು ಜನರು ಇಂದಿಗೂ ಹೇಳುತ್ತಾರೆ. ಮಕ್ಕಳ ಲೇಖಕಿಯಲ್ಲವೇ ಎಂಬ ಅಸಡ್ಡೆಗೆ ಕೆಲವೊಮ್ಮೆ ಬೆಲೆ ತೆರಬೇಕಾಗುತ್ತದೆ.

ಇಷ್ಟಾದರೂ ತನ್ನ ದೇಶದ ಅಕಾಡೆಮಿಯು ಹಂಚುವ ನೊಬೆಲ್ ಪಾರಿತೋಷಕವು ಈಕೆಗೆ ಬರಲಿಲ್ಲ. 1971ರಲ್ಲಿ ಅದೇ ಅಕಾಡೆಮಿಯು ಚಿನ್ನದ ಪದಕವೊಂದನ್ನು ಕೊಟ್ಟು ಸುಮ್ಮನಾಯಿತು. ಆಕೆಯೂ ಸುಮ್ಮನಿದ್ದಳು, 1981ರಲ್ಲಿ, ಎಪ್ಪತ್ತಮೂರರ ವಯಸ್ಸಿನಲ್ಲಿ, 'ರೋನ್ಯಾ' ಎಂಬ ಕಾದಂಬರಿಯನ್ನು ಕೊಟ್ಟಳು. ದರೋಡೆಕಾರರ ಮುಖಂಡನ ಒಬ್ಬಳೇ ಮಗಳು ಹರೆಯಕ್ಕೆ ಕಾಲಿಡುತ್ತ, ತಂದೆಯನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಲೇ ತಂದೆಯ ಕಸಬನ್ನು ತಾನು ಮಾಡುವುದಿಲ್ಲವೆನ್ನುತ್ತಾಳೆ. ಶತ್ರುವಿನ ಮಗನನ್ನು ಅಣ್ಣನೆಂದು ಭಾವಿಸಿ ಕಾಡಿಗೆ ಹೊರಟುಹೋಗುತ್ತಾಳೆ. ಹದಿಮೂರು ಹದಿನಾಲ್ಕು ವರ್ಷದವರ ಎದೆಯಲ್ಲಿ ನಡೆಯುವ ಯುದ್ಧವನ್ನು ಇಷ್ಟು ನೇರವಾಗಿ ಬರೆದ ಪುಸ್ತಕಗಳು ದೊಡ್ಡವರ ಸಾಹಿತ್ಯದಲ್ಲಿಯೂ ಹೆಚ್ಚಿಲ್ಲ.

ಈ ವಯಸ್ಸಿನವರ ವಿಷಯಕ್ಕೆ ಬಂದರೆ ಕನ್ನಡದ ಮನೆಗಳ ನಷ್ಟವು ಎದ್ದು ಕಾಣುತ್ತದೆ. ಮಕ್ಕಳಿಗೆ ಬರೆಯುವುದನ್ನು ಕೀಳೆಂದು ಕನ್ನಡದ ಹಿರಿಯರು ಎಂದೂ ಎಣಿಸಲಿಲ್ಲ. ಪಂಜೆ ಮಂಗೇಶರಾಯರು ಎಣಿಸಲಿಲ್ಲ; 'ಕಿಂದರಿಜೋಗಿ'ಯನ್ನು ಬರೆದ ಕುವೆಂಪು ಎಣಿಸಲಿಲ್ಲ; 1936ರಲ್ಲಿ 'ಬಾಲಪ್ರಪಂಚ'ದ ಸಂಪುಟಗಳನ್ನು ಹೊರತಂದ ಶಿವರಾಮ ಕಾರಂತರು ಎಣಿಸಲಿಲ್ಲ. ಪದ್ಯಕ್ಕೂ ಸಣ್ಣ ಕಥೆಗೂ ದೊರೆತ ಈ ಆದರವು ಹತ್ತರಿಂದ ಹದಿನಾರರವರೆಗಿನವರ ಕಾದಂಬರಿಗೆ ಮಾತ್ರ ದೊರೆಯಲಿಲ್ಲ. ಶಿಶುಗೀತೆಗಳನ್ನು ದಾಟಿದ ಹುಡುಗಿಗೆ ಮುಂದಿನ ಮೆಟ್ಟಿಲು ಕಾಣುವುದಿಲ್ಲ. ಹನ್ನೆರಡರ ಪ್ರಾಯದಲ್ಲಿ ಆಕೆ ಇಂಗ್ಲಿಷ್ ಕಾದಂಬರಿಗಳ ಸಾಲಿಗೆ ಕೈ ಹಾಕುತ್ತಾಳೆ. ತನ್ನ ಕೋಪ, ತನ್ನ ನಾಚಿಕೆ, ತನ್ನ ಸ್ನೇಹ ಇವುಗಳಿಗೆಲ್ಲ ಆ ಭಾಷೆಯಲ್ಲಿಯೇ ಹೆಸರುಗಳನ್ನು ಕಲಿಯುತ್ತಾಳೆ. ಇಪ್ಪತ್ತನೆಯ ವಯಸ್ಸಿನಲ್ಲಿ ಆಕೆ ಕನ್ನಡವನ್ನು ಓದುವುದಿಲ್ಲವೆಂದು ತಂದೆಯು ಸಭೆಯಲ್ಲಿ ಮರುಗುತ್ತಾನೆ. ಓದಬೇಕಾಗಿದ್ದ ಎಂಟು ವರ್ಷ ಆಕೆಗೆ ಏನು ಕೊಟ್ಟಿದ್ದನೆಂದು ಯಾರೂ ಕೇಳುವುದಿಲ್ಲ.

ಕೊಡಬೇಕಾದರೆ ಬರೆಯುವವರು ಬೇಕು. ಬರೆಯುವವರಿಗೆ ದಿನದ ಬೆಳಗಿನ ಹೊತ್ತು ಬೇಕು, ಆ ಹೊತ್ತಿಗೆ ಬೆಲೆ ಕೊಡುವ ಪ್ರಕಾಶಕನು ಬೇಕು, ಬರೆದುದನ್ನು ದಾಕ್ಷಿಣ್ಯವಿಲ್ಲದೆ ಪರೀಕ್ಷಿಸುವ ವಿಮರ್ಶಕನು ಬೇಕು. ಈ ಕೊನೆಯದಕ್ಕೆ ಸರಕಾರದ ಅನುದಾನವೂ ಬೇಕಾಗಿಲ್ಲ. ಜಿಲ್ಲೆಯ ಸಂಘಗಳ ಮಾಸಪತ್ರಿಕೆಗಳಲ್ಲಿ ಮಕ್ಕಳ ಪುಸ್ತಕಗಳಿಗೆ ಸಿಗುವ ಸ್ಥಳ 'ಸಾದರ ಸ್ವೀಕಾರ' ಎಂಬ ಪಟ್ಟಿಯಲ್ಲಿನ ಒಂದು ಸಾಲು. ಮುಂದಿನ ಸಂಚಿಕೆಯಿಂದ ತಿಂಗಳಿಗೆ ಒಂದಾದರೂ ಮಕ್ಕಳ ಕಾದಂಬರಿಯನ್ನು ತೆಗೆದುಕೊಂಡು, ಮಹಾಕಾವ್ಯವನ್ನು ವಿಮರ್ಶಿಸುವ ಕಾಠಿಣ್ಯದಿಂದಲೇ, ನಾಲ್ಕು ಪುಟ ವಿಮರ್ಶೆಯನ್ನು ಅಚ್ಚುಮಾಡಲಿ. ವಿಮರ್ಶಕನು ಅದನ್ನು ಮೊದಲು ಹನ್ನೆರಡು ವರ್ಷದ ಒಬ್ಬರ ಕೈಗೆ ಕೊಟ್ಟು, ಅವರು ಎಷ್ಟನೆಯ ಪುಟದಲ್ಲಿ ಮುಚ್ಚಿಟ್ಟರೆಂಬುದನ್ನೂ ಬರೆಯಲಿ.